ಅಳತೆ ಬುಕ್ಕಿನ ನಲವತ್ತೊಂದನೇ ಪುಟ

ಬಳ್ಳಾರಿಯ ಮೇ ತಿಂಗಳಲ್ಲಿ
ಹಿಮಕ್ಕೆ ಕೋಟು ಹೊಲಿಯುವವನು ನಾನೊಬ್ಬನೇ.
ಊರೆಲ್ಲ ಜೀನ್ಸು ಹೊಲಿದು ಲಾರಿ ತುಂಬುವಾಗ
ಬ್ರೂಸ್‌ಪೇಟೆಯ ಈ ಓಣಿಯಲ್ಲಿ ಫ್ಯಾನು ನಿಲ್ಲಿಸಿ,
ತೊಡೆಯ ಮೇಲೆ ಉಣ್ಣೆ ಹರವಿಕೊಂಡು
ಬೆವರು ಬಟ್ಟೆಗೆ ಬೀಳದ ಹಾಗೆ
ಕತ್ತು ಓರೆ ಮಾಡಿ ಕೂರುತ್ತೇನೆ.
ಗಿರಾಕಿ: ಎರ್ರಿಸ್ವಾಮಿ, ರಾಯಭಾರ ಕಚೇರಿ.
ಊರಿನ ಹೆಸರು ಮಾತ್ರ ಪೆನ್ಸಿಲಿನಲ್ಲಿ ಬರೆದಿದ್ದೇನೆ,
ಮೂರು ವರ್ಷಕ್ಕೊಮ್ಮೆ ಅಳಿಸಬೇಕಲ್ಲ.

ನಮ್ಮಪ್ಪ ಪಾಂಡುರಂಗ ಮಹೇಂದ್ರಕರ್ ಅನ್ನುತ್ತಿದ್ದ:
ಮನುಷ್ಯ ಬಾಯಾಗ ಸುಳ್ಳು ಹೇಳ್ತಾನ,
ಭುಜದಾಗ ಹೇಳಂಗಿಲ್ಲ.
ಎರ್ರಿಸ್ವಾಮಿಯ ಕೋಟು ರಿಪೇರಿಗೆ ಬಂದಾಗಲೆಲ್ಲ
ಬಲತೋಳಿನ ಅಂಚು ಸವೆದಿರುತ್ತದೆ, ಎಡತೋಳು ಹೊಸದು.
"ಏನ್ ಕೆಲಸ ಸಾಹೇಬ್ರ ನಿಮ್ದು?"
"ನಿಂತಿರೋದು."
ಬೇರೆಯವರ ದೇಶದ ಹಬ್ಬಕ್ಕೆ, ಎರಡೂವರೆ ತಾಸು,
ಎಡಗೈಯಲ್ಲಿ ಕುಡಿಯದ ಗ್ಲಾಸು, ಬಲಗೈ ಕುಲುಕಲಿಕ್ಕೆ.
ಆಮೇಲೆ ಯಾರ ಪಕ್ಕ ಯಾರು ಕೂರಬೇಕೆಂದು ಪಟ್ಟಿಯಿರುತ್ತದಂತೆ.
ಪಂಪಾವತಿ ನಗುತ್ತಾಳೆ:
"ನಾನು ಇವರ ಹೆಸರಿನ ಬಾಲದಾಗ ಇರ್ತೀನಣ್ಣ,
'ಮತ್ತು ಶ್ರೀಮತಿ' ಅಂತ."

ಜೇಬು ಝಾಡಿಸದೆ ಕತ್ತರಿ ಹಾಕಬಾರದು, ಕಸುಬಿನ ನೇಮ.
ಸಿಕ್ಕಿದ್ದು: ಹಲ್ಲುಕಡ್ಡಿ, ಟ್ರಾಮಿನ ಹರಿದ ಟಿಕೆಟ್ಟು,
ಊಟದ ಮೇಜಿನ ಚೀಟಿಯೊಂದು, 'ಮಿಸ್ಟರ್ ಎರಿ'.
ಆ ಒತ್ತಕ್ಷರವನ್ನು ಯಾವುದೋ ಗಡಿಯ ಸುಂಕದವರು
ಹಿಡಿದಿಟ್ಟುಕೊಂಡಿದ್ದಾರೆ.
ಹೋದ ಸಲ ಅವಳೇ ನಿಂತು ಹೊಲಿಸಿದ್ದಳು,
ಎಡಗಡೆ ಒಳಗೆ ಎರಡು ಬೆರಳಗಲದ ಕಳ್ಳಜೇಬು.
ಸರ್ಕಾರದ ಗುಟ್ಟಿಗೆಂದು ತಿಳಿದು
ಯಾರಿಗೂ ಹೇಳಿರಲಿಲ್ಲ ನಾನು.
ಈಗ ಮಗುಚಿದರೆ ಗುರೆಳ್ಳು ಪುಡಿ.
ಸೂಪಿಗೆ ಉದುರಿಸಿಕೊಳ್ಳುತ್ತಾನಂತೆ, ಭಾಷಣದ ಹೊತ್ತಿನಲ್ಲಿ.

ಅವಳ ಅಳತೆ ನನ್ನ ಹೆಂಡತಿಯದು, ಪರದೆಯ ಹಿಂದೆ.
ಈಚೆ ಕೂತು ನಾನು ಬರೆದುಕೊಳ್ಳುತ್ತೇನೆ.
ಅಂಕಿಯ ಜೊತೆ ಮಾತೂ ತೇಲಿ ಬರುತ್ತದೆ:
"ಭುಜ ಹದಿನಾಲ್ಕೂವರೆ. ಸೆರಗು ಒಳಗ ಕೂಡಬೇಕು, ಸಡಿಲ ಇಡು.
ಅಲ್ಲಿ ಬೇಕರಿಯವಳೊಬ್ಬಳು ಗೆಳತಿ ನನಗ.
ತೋಳು ಇಪ್ಪತ್ತೆರಡು. ಮಾತಿಲ್ಲ, ಬೆರಳು ತೋರಿಸ್ತೀನಿ, ಬ್ರೆಡ್ಡು ಕೊಡ್ತಾಳ.
ಹುಷಾರದೀಯೇನು ಅಂತ ಕೇಳೋದು ಕಲಿಯೋವತ್ತಿಗೆ ವರ್ಗ ಬಂತು."
ಬರೆಯುತ್ತ ಬರೆಯುತ್ತ ತೋಳಿನ ಮನೆಯಲ್ಲಿ
'ಬ್ರೆಡ್ಡು' ಅಂತ ಬರೆದುಬಿಟ್ಟಿದ್ದೆ.
ಹೊಡೆದು ಹಾಕಿಲ್ಲ.

ಈ ಸಲ ಗುಂಡಿಯ ಬಣ್ಣಕ್ಕೆ ಜಗಳ ಬಿತ್ತು.
ಅವನಿಗೆ ಕಂದು, ಅವಳಿಗೆ ಕಪ್ಪು.
ಏರಿದ ದನಿ ತಟ್ಟನೆ ಇಳಿಸಿ
ಪಂಪಾವತಿ ಮೂಲೆಯ ಕಡೆ ನೋಡಿ ಅಂದಳು:
"ಮೊದಲು ನಲ್ಲಿ ಬಿಡ್ರಿ."
ನನಗೆ ತಿಳಿಯಲಿಲ್ಲ. ಅವನೇ ಬಿಡಿಸಿ ಹೇಳಿದ.
ಅಲ್ಲಿಯ ಗೋಡೆಗೆ ನಿಜವಾಗಿ ಕಿವಿ ಇರುತ್ತವಂತೆ.
ಮಗಳ ಫೀಸಿಗೆ, ಅತ್ತೆಯ ಮಾತಿಗೆ, ಉಪ್ಪು ಹೆಚ್ಚಾದದ್ದಕ್ಕೆ
ಹನ್ನೆರಡು ವರ್ಷ ಇವರು ಜಗಳವಾಡಿದ್ದು
ಬಚ್ಚಲಲ್ಲಿ ನಲ್ಲಿ ಬಿಟ್ಟು, ಕಿವಿಯಲ್ಲಿ.

"ನಮ್ಮ ಓಣಿಗೆ ನಲ್ಲಿ ಬರೋದು ಎಂಟು ದಿನಕ್ಕೊಮ್ಮೆ," ಅಂದೆ,
"ಇಲ್ಲಿ ಒಣಾನೇ ಆಡಬೇಕು."

ಇಬ್ಬರೂ ನಕ್ಕರು. ಆಮೇಲೆ ಆಡಿದರು ನೋಡಿ!
ಕನ್ನಡ ಸಾಲದೆ ತೆಲುಗು ಎಳೆದು ತಂದರು.
ಎದುರಿನ ಪಾತ್ರೆ ಅಂಗಡಿಯವ ಇಣುಕಿದ,
ನನ್ನ ಹೆಂಡತಿ ನಡುವೆ ಎರಡು ಸಲ ಚಹಾ ಕೊಟ್ಟಳು.
ಗುಂಡಿಯಿಂದ ಹಿಡಿದು ಯಾವುದೋ ಊರಿನ
ಯಾವುದೋ ಔತಣದ ತನಕ ಹೋಗಿ
ಗಂಟಲು ಕಟ್ಟಿ ಕೂತರು, ಹೊಲ ಉತ್ತು ಬಂದವರ ಹಾಗೆ.

ಕಪ್ಪು ಗುಂಡಿ ಗೆದ್ದಿತು.

ಟ್ರಯಲ್ಲಿಗೆ ಬಂದವನು ಉರಿಬಿಸಿಲಲ್ಲಿ ಕೋಟು ತೊಟ್ಟು
ಕನ್ನಡಿಯ ಮುಂದೆ ನಿಂತ.
ಎಡಗೈ ತಾನೇ ಬಾಗಿ ಇಲ್ಲದ ಗ್ಲಾಸು ಹಿಡಿಯಿತು.
ಅವಳು ಆ ಬೆರಳು ಬಿಡಿಸಿ
ಕೈಗೆ ಚೀಲ ಕೊಟ್ಟಳು, ಮೆಣಸಿನಕಾಯಿಯದು.

ಹೊಸ ಊರಿನ ಹೆಸರು ಹೇಳಿದರು.
ಎರಡು ಸಲ ಹೇಳಿಸಿಕೊಂಡು, ಹಳೆಯದನ್ನು ಅಳಿಸಿ
ಕಿವಿಗೆ ಬಿದ್ದ ಹಾಗೆ ಬರೆದೆ.
ತಪ್ಪಿದ್ದರೂ ಇರಬಹುದು.
ಪೆನ್ಸಿಲು ತಾನೆ.